ಬೆರಳಲ್ಲಿ ತಳ್ಳಿದ ಕಾಗದ

ಬೂದಿಕೋಟೆಯಲ್ಲಿ ಹತ್ತು ಹನ್ನೆರಡು ಜನಕ್ಕೆ ನನ್ನ ಈಮೇಲ್ ವಿಳಾಸವೇ ಅವರ ಈಮೇಲ್ ವಿಳಾಸ. ಇದು ಹೇಗೆ ಶುರುವಾಯಿತೆಂದು ಸರಿಯಾಗಿ ಹೇಳಲಾರೆ. ಮೊದಲು ನನ್ನ ಮೈದುನ ಯಾವುದೋ ಅರ್ಜಿಗೆ ಕೊಟ್ಟನೆಂದು ನೆನಪು. ಬಂಗಾರಪೇಟೆಯ ಬ್ರೌಸಿಂಗ್ ಸೆಂಟರಿನಲ್ಲಿ ಫಾರಂ ತುಂಬುತ್ತಿದ್ದ ಹೆಂಗಸು "ಮೇಲ್ ಐಡಿ ಏಳಿ" ಅಂದಾಗ ಅವನು ಯೋಚನೆಯನ್ನೇ ಮಾಡದೆ "ನಮ್ಮತ್ತಿಗೇದು ಆಕಿ, ಅವ್ರು ಕಾನ್ವೆಂಟಲ್ಲಿ ಓದವ್ರೆ" ಅಂದನಂತೆ. ಆಮೇಲೆ ಅವನ ಪಕ್ಕದ ಮನೆಯವರು, ಅವರ ನಾದಿನಿ, ಡೈರಿಗೆ ಹಾಲು ಹಾಕಲು ಬರುವವರು, ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು ಹೋಯಿತು. ನನ್ನ ಹೆಸರಿನ ಸ್ಪೆಲ್ಲಿಂಗು, ಮಧ್ಯದ ಚುಕ್ಕಿ, ಎಲ್ಲ ಊರಿನಲ್ಲಿ ಕೆಲವರಿಗೆ ಬಾಯಿಪಾಠ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನನ್ನು ಇಂಥವರ ಸೊಸೆ ಎಂದೇ ಕರೆಯುವ ಜನ, ಆ ಒಂದು ಜಾಗದಲ್ಲಿ ಮಾತ್ರ ನನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತಾರೆ.

ನಾವಿರುವುದು ಬಂಗಾರಪೇಟೆಯಲ್ಲಿ. ನಮ್ಮ ಯಜಮಾನರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿಯೂಟಕ್ಕೆ ಬರುವವರು. "ನೀನೇನು ಸಬ್ ಪೋಸ್ಟಾಫೀಸಾ?" ಎಂದು ನಗುತ್ತಾರೆ. ನನಗೆ ಬೇಸರವೇನಿರಲಿಲ್ಲ. ಯಾರಿಗಾದರೂ ಏನಾದರೂ ಬಂದರೆ ಫೋನು ಮಾಡಿ "ನಿಮ್ಮದೊಂದು ಕಾಗದ ಬಂದಿದೆ" ಎಂದು ಹೇಳುತ್ತಿದ್ದೆ. ಅವರೆಲ್ಲ ಅದನ್ನು ಕಾಗದ ಎಂದೇ ಕರೆಯುತ್ತಾರೆ. ಈಗ ನನಗೂ ಅದೇ ಬಾಯಿಗೆ ಬರುತ್ತದೆ. ಯಾರದೋ ಹಾಲ್ ಟಿಕೆಟ್ಟು, ಯಾರದೋ ಗ್ಯಾಸಿನ ರಸೀತಿ, ಯಾರದೋ ಪಹಣಿಯ ತಿದ್ದುಪಡಿ. ಓದಿ ಹೇಳಿ, ಬೇಕಾದವರಿಗೆ ವಾಟ್ಸಾಪಿನಲ್ಲಿ ಕಳಿಸಿ, ಆಮೇಲೆ ಅದನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳಿಬಿಡುತ್ತಿದ್ದೆ.

ಈ ತಳ್ಳುವ ಅಭ್ಯಾಸದ ಬಗ್ಗೆ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಊರಿಗಾಂನಲ್ಲಿ, ಅಪ್ಪ ಚಿನ್ನದ ಗಣಿಯ ಸ್ಟೋರ್ಸಿನಲ್ಲಿ ಗುಮಾಸ್ತರು, ಓದಿದ್ದು ಅಲ್ಲಿನ ಕಾನ್ವೆಂಟಿನಲ್ಲಿ. ಸಂಜೆಯ ಗಂಟೆ ಹೊಡೆಯುವ ಮೊದಲು ಡೆಸ್ಕಿನ ಮೇಲೆ ಪೆನ್ಸಿಲ್ ಸಿಪ್ಪೆ ಕೂಡ ಇರಬಾರದು. ಸಿಸ್ಟರ್ ಬೆಂಚುಗಳ ನಡುವೆ ನಡೆಯುತ್ತ ಪ್ರತಿ ಡೆಸ್ಕಿನ ಮೇಲೂ ಅಂಗೈ ಆಡಿಸಿ ನೋಡುತ್ತಿದ್ದರು. ಅಂಗೈಗೆ ಏನಾದರೂ ಅಂಟಿದರೆ ಅದನ್ನು ನಮ್ಮ ಮುಖದ ಮುಂದೆ ಹಿಡಿದು, ಒಂದು ಮಾತೂ ಆಡದೆ ಸುಮ್ಮನೆ ನಿಲ್ಲುತ್ತಿದ್ದರು. ಆ ಮೌನ ಬೆತ್ತಕ್ಕಿಂತ ಜೋರಾಗಿರುತ್ತಿತ್ತು. ಹಾಗಾಗಿ ಯಜಮಾನರ ರೈಲು ಹೊರಟ ಮೇಲೆ, ಎರಡನೇ ಕಾಫಿಯ ಲೋಟ ಹಿಡಿದು ಅಡುಗೆಮನೆಯ ಕಿಟಕಿಯ ಹತ್ತಿರ ಕುಳಿತು, ಫೋನಿನಲ್ಲಿ ಬಂದದ್ದನ್ನೆಲ್ಲ ನೋಡಿ ಒಂದೊಂದಾಗಿ ತಳ್ಳುವುದು ನನ್ನ ದಿನದ ಕೆಲಸ. ತಳ್ಳಿದಾಗ ಒಂದು ಹಸಿರು ಪಟ್ಟಿ ಕಾಣಿಸಿ, ಅದರೊಳಗೆ ಪುಟ್ಟ ಡಬ್ಬಿಯೊಂದರ ಚಿತ್ರ ಬಂದು ಹೋಗುತ್ತದೆ. ಅದು ಕಸದ ಡಬ್ಬಿ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಕೊನೆಯದನ್ನೂ ತಳ್ಳಿದ ಮೇಲೆ ಪರದೆ ಖಾಲಿಯಾಗಿ ಬೆಳ್ಳಗೆ ಉಳಿಯುತ್ತಿತ್ತು. ಆಮೇಲೆ ಕಾಫಿ ಲೋಟ ತೊಳೆಯುತ್ತಿದ್ದೆ.

ಹೋದ ತಿಂಗಳು ಅತ್ತೆಯವರ ಕಣ್ಣಿನ ತಪಾಸಣೆಗೆ ಕೋಲಾರದ ಆಸ್ಪತ್ರೆಗೆ ಮತ್ತೆ ಹೋಗಬೇಕಿತ್ತು. ಅತ್ತೆ ಇರುವುದು ಬೂದಿಕೋಟೆಯಲ್ಲಿ, ಮೈದುನನ ಮನೆಯಲ್ಲಿ. ಆಸ್ಪತ್ರೆಯಲ್ಲಿ ಕೊಟ್ಟಿದ್ದೂ ನನ್ನದೇ ಐಡಿ. ಹಳೆಯ ವರದಿ ಮೇಲ್‌ನಲ್ಲಿ ಕಳಿಸಿದ್ದೇವೆ, ಅದನ್ನು ತನ್ನಿ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ನಾನು ಅದನ್ನು ತಳ್ಳಿಬಿಟ್ಟಿದ್ದೆ. ಏನು ಮಾಡಬೇಕೆಂದು ತೋಚದೆ ನನ್ನ ಕಾನ್ವೆಂಟಿನ ಗೆಳತಿಗೆ ಫೋನು ಮಾಡಿದೆ. ಅವಳು ಈಗ ರಾಬರ್ಟ್‌ಸನ್‌ಪೇಟೆಯಲ್ಲಿ ಟೀಚರು. ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕುಳಿತವಳು, ನನ್ನನ್ನು ಬೈಯುವ ಹಕ್ಕನ್ನು ಅಲ್ಲಿಂದಲೇ ತಂದವಳು.

"ಕಸದ ಡಬ್ಬಿಗೆ ಹಾಕಿಬಿಟ್ಟಿದ್ದೀನಿ ಕಣೇ, ವಾಪಸ್ ಬರುತ್ತಾ?"

"ಯಾವ ಡಬ್ಬಿ?"

"ಹಸಿರು ಬರುತ್ತಲ್ಲ, ಪಕ್ಕಕ್ಕೆ ತಳ್ಳಿದರೆ."

ಅವಳು ಜೋರಾಗಿ ನಕ್ಕಳು. ನಗು ಬಂದರೆ ಅವಳಿಗೆ ಮನೆಯ ತಮಿಳೇ ಬಾಯಿಗೆ ಬರುತ್ತದೆ. "ಅಯ್ಯೋ ಕಡವುಳೇ! ಪೈತ್ಯಮಾ, ಹುಚ್ಚಾ ನಿನಗೆ? ಅದು ಕಸದ ಡಬ್ಬಿ ಅಲ್ಲ ಡೀ. ಆರ್ಕೈವು. ಎತ್ತಿಡೋದು. ಎಲ್ಲಾ ಒಳಗೇ ಇರುತ್ತೆ."

"ಒಳಗೆ ಅಂದರೆ ಎಲ್ಲಿ?"

"ನಿನ್ನ ತಲೇಲಿ! ಎಡಗಡೆ ಮೇಲೆ ಮೂರು ಗೀಟಿದೆಯಾ? ಒತ್ತು. ಕೆಳಗೆ ಹೋಗು. ಇನ್ನೂ ಕೆಳಗೆ. ಆಲ್ ಮೇಲ್ ಅಂತ ಇದೆಯಾ?"

"ಇದೆ."

"ಅದೇ. ಎಷ್ಟು ದಿನದಿಂದ ಹೀಗೆ ತಳ್ತಾ ಇದೀಯಾ?"

"ಫೋನು ತಗೊಂಡಾಗಿನಿಂದ."

"ಸರಿ ಹೋಯ್ತು. ಸಿಸ್ಟರಿಗೆ ಗೊತ್ತಾಗಿದ್ದರೆ ನಿನ್ನ ಮಂಡಿ ಊರಿಸಿ ನಿಲ್ಲಿಸ್ತಿದ್ರು. ಡೆಸ್ಕ್ ಕ್ಲೀನು, ಡೆಸ್ಕಿನ ಒಳಗೆ ಗುಜರಿ ಅಂಗಡಿ."

ಅವಳು ಫೋನಿಟ್ಟ ಮೇಲೆ ಅದನ್ನು ಒತ್ತಿದೆ. ಬಂದವು ನೋಡಿ, ಒಂದರ ಕೆಳಗೆ ಒಂದು, ಬೆರಳು ಎಳೆದಷ್ಟೂ. ನಾನು ಎಸೆದಿದ್ದೆ ಅಂದುಕೊಂಡ ಯಾವುದೂ ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಊರಿಗಾಂ ಮನೆಯಲ್ಲಿ ಅಪ್ಪ ಬಂದ ಕಾಗದಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ ಅಡುಗೆಮನೆಯ ಬಾಗಿಲ ಹಿಂದೆ ನೇತು ಹಾಕುತ್ತಿದ್ದರು. ಅದು ಕಣ್ಣೆದುರಿಗೆ ದಪ್ಪವಾಗುತ್ತ ಹೋಗುತ್ತಿತ್ತು, ಬಾಗಿಲು ತೆಗೆದಾಗ ಅಲ್ಲಾಡುತ್ತಿತ್ತು. ಇದು ಹಾಗಲ್ಲ. ತೂಕವಿಲ್ಲ, ಧೂಳಿಲ್ಲ, ಸದ್ದಿಲ್ಲ. ಐದಾರು ವರ್ಷದ ನನ್ನ ಬೆಳಗುಗಳೆಲ್ಲ ಅಲ್ಲೇ ಕೂತಿದ್ದವು, ನನಗೆ ಗೊತ್ತೇ ಇಲ್ಲದೆ.

ಆಸ್ಪತ್ರೆಯ ವರದಿ ಬೇಗ ಸಿಕ್ಕಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೇಲುಗಡೆ ಹುಡುಕುವ ಜಾಗವಿತ್ತಲ್ಲ, ಸುಮ್ಮನೆ ಕುತೂಹಲಕ್ಕೆ, ಬೂದಿಕೋಟೆ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಊರಿನವರೆಲ್ಲ ಬಂದರು. ಹಾಲ್ ಟಿಕೆಟ್ಟಿನವಳು ಬಂದಳು, ಅವಳಿಗೀಗ ಮದುವೆಯಾಗಿದೆ. ಪಹಣಿಯವರು ಬಂದರು, ಅವರೀಗ ಇಲ್ಲ. ಅವರ ನಡುವೆ ನನ್ನ ವಾರಗಿತ್ತಿಯ ಹೆಸರು, ಅಂದರೆ ಮೈದುನನ ಹೆಂಡತಿಯದು. ಒಂದಲ್ಲ, ಎರಡು.

ಕೋಲಾರದ ಆಚೆ ಒಂದು ವಸತಿ ಶಾಲೆ. ಹಾಸ್ಟೆಲ್ ಮೇಟ್ರನ್ ಹುದ್ದೆ. ಮೊದಲನೆಯದರಲ್ಲಿ, ನಿಮ್ಮ ಅರ್ಜಿ ನೋಡಿದ್ದೇವೆ, ಇಂಥ ದಿನ ಸಂದರ್ಶನಕ್ಕೆ ಬನ್ನಿ ಎಂದಿತ್ತು. ಹತ್ತು ದಿನದ ನಂತರದ ಎರಡನೆಯದರಲ್ಲಿ, ನೀವು ಬರಲಿಲ್ಲ, ನಿಮಗಾಗಿ ಇನ್ನೊಂದು ದಿನ ಗೊತ್ತು ಮಾಡಿದ್ದೇವೆ, ದಯವಿಟ್ಟು ತಿಳಿಸಿ ಎಂದಿತ್ತು. ಎರಡೂ ಕಳೆದ ವರ್ಷದವು, ಮಹಾಲಯ ಅಮಾವಾಸ್ಯೆಯ ಸುಮಾರಿನವು.

ಓದದೆ ಇದ್ದ ಮೇಲ್ ದಪ್ಪ ಅಕ್ಷರದಲ್ಲಿರುತ್ತದೆ, ತೆರೆದು ನೋಡಿದ್ದು ತೆಳ್ಳಗಾಗುತ್ತದೆ. ಅಷ್ಟು ನನಗೆ ಗೊತ್ತು. ಇವೆರಡೂ ತೆಳ್ಳಗಿದ್ದವು. ಅಂದರೆ ತೆರೆದು ನೋಡಿಯಾಗಿತ್ತು.

ನನ್ನ ಫೋನನ್ನು ನಾನಲ್ಲದೆ ಯಾರು ತೆರೆಯುತ್ತಾರೆ?

ಆ ಅರ್ಜಿ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ವಾರಗಿತ್ತಿ ಪಿಯುಸಿ ಮುಗಿಸಿದವಳು, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಬೆಳಗಿನ ಹಾಲು ಕರೆದು, ಡೈರಿಗೆ ಹಾಕಿ, ಎಂಟರ ಬಸ್ಸಿಗೆ ಬಂದಿದ್ದಳು. ಫೋಟೋಕ್ಕೆಂದು ನನ್ನ ನೀಲಿ ಸೀರೆ ಉಟ್ಟಳು. ರವಿಕೆ ಸಡಿಲವಾಗಿ ಬೆನ್ನಿನ ಕಡೆ ನಾನು ಎರಡು ಪಿನ್ನು ಹಾಕಿದೆ. ಕ್ಯಾಮೆರಾದವನು ನಗಬೇಡಿ ಅಂದಷ್ಟೂ ಅವಳಿಗೆ ನಗು. ಬರುವಾಗ ರಸ್ತೆಯ ಬದಿ ನಿಂತು ಬಂಗಾರಪೇಟೆಯ ಬಿಳಿ ನೀರಿನ ಪಾನಿಪೂರಿ ತಿಂದೆವು. "ಕೆಲ್ಸ ಸಿಕ್ರೆ ಮಗಳಿಗೂ ಅಲ್ಲೇ ಆರನೇ ಕ್ಲಾಸಿಗೆ ಸೇರಿಸ್ಕೊಳ್ತಾರಂತೆ ಅಕ್ಕ. ನಂಗೊಂದು ರೂಮು ಕೊಡ್ತಾರಂತೆ. ಬರೀ ನಂದೇ ರೂಮು. ಒಳಗಿಂದ ಚಿಲ್ಕ ಆಕ್ಕೋಬೌದು" ಅಂದಳು. ಆ ಚಿಲಕದ ಮಾತು ಹೇಳುವಾಗ ಅವಳ ಕೈಯಲ್ಲಿದ್ದ ಪೂರಿಯಿಂದ ಬಿಳಿ ನೀರು ಮೊಣಕೈವರೆಗೂ ಸೋರುತ್ತಿತ್ತು.

ಆಮೇಲೆ ವಾರಕ್ಕೊಮ್ಮೆ ಫೋನು. "ಅಕ್ಕಾ, ನನ್ನ ಕಾಗದ ಬಂತಾ?" ಇಲ್ಲ ಕಣೇ. "ಅಕ್ಕಾ, ನೋಡಿದ್ರಾ?" ನೋಡಿದೆ, ಬಂದಿಲ್ಲ. ಒಂದು ದಿನ ಕೇಳುವುದು ನಿಂತಿತು. ಯಾವಾಗ ನಿಂತಿತು ಎಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಆಮೇಲೆ ಊರಿನಲ್ಲಿ ಯಾರಾದರೂ ಕೇಳಿದರೆ "ಎಲ್ ಬತ್ತದೆ ಬಿಡಿ, ಅವೆಲ್ಲ ಇನ್ಫ್ಲುಯೆನ್ಸ್ ಇದ್ದೋರಿಗೆ" ಅನ್ನುತ್ತಿದ್ದಳು. ಶಾಲೆಯವರು ಎರಡು ಸಲ ಕರೆದಿದ್ದರು. ಕರೆ ನನ್ನ ಅಂಗೈಯೊಳಗೆ ಬಂದು, ತೆಳ್ಳಗಾಗಿ, ಹಸಿರು ಪಟ್ಟಿಯ ಹಿಂದೆ ಹೋಗಿತ್ತು.

ಅದಕ್ಕಿಂತ ಕೆಟ್ಟ ಯೋಚನೆಯೊಂದು ಮಧ್ಯಾಹ್ನದ ಹೊತ್ತಿಗೆ ಬಂತು. ಬಟ್ಟೆ ಮಡಿಸುತ್ತಿದ್ದೆ. ಅವಳು ಆ ಕೆಲಸಕ್ಕೆ ಹೋಗಿದ್ದರೆ ಅತ್ತೆ ನಮ್ಮ ಮನೆಗೆ ಬರಬೇಕಿತ್ತು. ಬೂದಿಕೋಟೆಯಲ್ಲಿ ಮೈದುನ ಒಬ್ಬನೇ ಎರಡೂ ಹೊತ್ತು ಅತ್ತೆಗೆ ಅಡುಗೆ ಮಾಡಿ ಹಾಕುವುದು ಆಗದ ಮಾತು. ಅವಳು ಅರ್ಜಿ ಹಾಕಿದ ದಿನಗಳಲ್ಲಿ ನಾನು ನಮ್ಮ ಚಿಕ್ಕ ರೂಮನ್ನು, ಇಸ್ತ್ರಿ ಮೇಜು, ಹೊಲಿಗೆ ಮಿಷನ್ನು, ನನ್ನ ಕೆಲವು ಪುಸ್ತಕ ಇರುವ ರೂಮನ್ನು, ಬಾಗಿಲಲ್ಲಿ ನಿಂತು ನೋಡಿದ್ದು ನೆನಪಿದೆ. ಮಂಚ ಹಾಕಿದರೆ ಮೇಜು ಎಲ್ಲಿಗೆ ಎಂದು. ಅತ್ತೆ ಕೆಟ್ಟವರಲ್ಲ. ಆದರೂ ನೋಡಿದ್ದೆ. ಹಾಗಿದ್ದರೆ ಮೊದಲ ಕಾಗದ ಬಂದ ಬೆಳಿಗ್ಗೆ ನಾನು ಅದನ್ನು ಓದಿದೆನಾ? ಓದಿ, ಕಾಫಿ ಕುಡಿದು, ಆಮೇಲೆ ಹೇಳೋಣ ಎಂದುಕೊಂಡು, ಬೆರಳು ತಾನಾಗಿ ತಳ್ಳಿತಾ? ಅಥವಾ ತಾನಾಗಿ ಅಲ್ಲವಾ? ಒಂದು ಕೆಲಸ ನಾನು ಮಾಡಿದ್ದೇನೋ ಇಲ್ಲವೋ ಎಂದು ನನ್ನನ್ನೇ ಕೇಳಿಕೊಂಡು ಉತ್ತರ ಸಿಗದಿದ್ದದ್ದು ನನಗೆ ಅದೇ ಮೊದಲು.

ರಾತ್ರಿ ಯಜಮಾನರು ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ಓದಿದ್ದೆಯೋ ಇಲ್ಲವೋ, ಅದು ಹೇಳು" ಅಂದರು.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೇನು? ಓದಿದ್ದರೆ ಓದಿದೆ, ಇಲ್ಲದಿದ್ದರೆ ಇಲ್ಲ."

"ಅದೇ ಗೊತ್ತಾಗ್ತಾ ಇಲ್ಲ."

ಅವರು ನನ್ನ ಮುಖ ನೋಡಿ, ಟವೆಲ್ಲು ತೆಗೆದುಕೊಂಡು ಬಚ್ಚಲಿಗೆ ಹೋದರು. ಬಂದ ಮೇಲೆ ಮೆತ್ತಗೆ, "ಅವಳು ಮರೆತಿದ್ದಾಳೆ. ಒಂದು ವರ್ಷವಾಯಿತು. ಈಗ ಹೋಗಿ ಕೆದಕಿದರೆ ಅವಳಿಗೂ ನೋವು, ನಿನಗೂ ಕೆಟ್ಟ ಹೆಸರು. ಬಿಟ್ಟುಬಿಡು" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೂ ಬಿಡಲಾಗಲಿಲ್ಲ. ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ತಪ್ಪೊಪ್ಪಿಗೆಗೆ ಸಾಲಾಗಿ ಹೋಗುವಾಗ ನಾವು ಉಳಿದವರು ಹೊರಗಿನ ಜಗಲಿಯ ಮೇಲೆ ಕೂತಿರುತ್ತಿದ್ದೆವು. ಬರುವಾಗ ಅವರ ಮುಖ ಹಗುರಾಗಿರುತ್ತಿತ್ತು. ಏನು ಹೇಳಿದೆ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಮಾಡಿದ್ದೇ ಗೊತ್ತಿಲ್ಲದಿದ್ದರೆ ಏನು ಹೇಳುತ್ತೀರಿ ಎಂದು ಅವತ್ತು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಎರಡು ದಿನ ತಡೆದು, ಮೂರನೆಯ ದಿನ ಮಧ್ಯಾಹ್ನ ಬೂದಿಕೋಟೆ ಬಸ್ಸು ಹತ್ತಿದೆ. ಆಸ್ಪತ್ರೆಯ ವರದಿಯ ಪ್ರಿಂಟು ನೆಪಕ್ಕೆ ಬ್ಯಾಗಿನಲ್ಲಿತ್ತು.

ನಾನು ಹೋಗುವ ಹೊತ್ತಿಗೆ ಅವಳು ಕೊಟ್ಟಿಗೆಯಲ್ಲಿದ್ದಳು, ಸಂಜೆಯ ಹಾಲಿನ ಹೊತ್ತು. ಅತ್ತೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಮಂಜು, ಬೆರಳು ಮಾತ್ರ ಹುಳ ಇದ್ದ ಕಾಯನ್ನು ತಾನೇ ಹುಡುಕಿ ಪಕ್ಕಕ್ಕೆ ಹಾಕುತ್ತಿತ್ತು.

"ಯಾರಮ್ಮಾ?"

"ನಾನು ಅತ್ತೆ."

"ಓ, ಕಾನ್ವೆಂಟಮ್ಮ! ಏಮ್ಮಾ, ದಾರಿ ತಪ್ಪಿ ಬಂದ್ಯಾ? ಅಬ್ಬ ಇಲ್ಲ, ಅರಿದಿನ ಇಲ್ಲ."

"ನಿಮ್ಮ ಕಣ್ಣಿನ ಕಾಗದ ತಂದೆ."

"ಕಣ್ಣಿಲ್ದೋಳಿಗೆ ಕಾಗದ! ಒಳಗೆ ಮಡಗು. ಅವ್ಳು ಕೊಟ್ಗೇಲಿ ಅಸಿನತ್ರ ಅವ್ಳೆ."

ಕೊಟ್ಟಿಗೆಯ ಒಳಗೆ ಹೋದೆ. ವಾರಗಿತ್ತಿ ತಲೆಯನ್ನು ಹಸುವಿನ ಪಕ್ಕೆಗೆ ಆನಿಸಿ ಕೂತಿದ್ದಳು. ನನ್ನನ್ನು ನೋಡಿ ಹಲ್ಲು ಬಿಟ್ಟಳು. "ಬನ್ನಿ ಅಕ್ಕ, ಏನ್ ಫೋನೂ ಮಾಡ್ದೆ ಬಂದ್ಬಿಟ್ರಿ? ಭಾವ ಬರ್ಲಿಲ್ವಾ? ಅಲ್ಲೇ ನಿಂತ್ಕಳಿ, ಈ ಮುಂಡೇದು ಒಸಬ್ರನ್ನ ಕಂಡ್ರೆ ಒದೀತದೆ."

"ನಾನು ಹೊಸಬಳಾ?"

"ನಿಮ್ ಸೋಪಿನ ವಾಸ್ನೆ ಒಸದು ಅದಕ್ಕೆ."

ನಾನು ಬಾಗಿಲ ಹತ್ತಿರವೇ ನಿಂತೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ನೇರವಾಗಿ ಹೇಳಿಬಿಟ್ಟೆ. "ಹೋದ ವರ್ಷ ನೀನು ಆ ಮೇಟ್ರನ್ ಕೆಲಸಕ್ಕೆ ಅರ್ಜಿ ಹಾಕಿದ್ದೆಯಲ್ಲ. ಅವರಿಂದ ಕಾಗದ ಬಂದಿತ್ತು ಕಣೇ. ನಾನು ನಿನಗೆ ಹೇಳಲಿಲ್ಲ."

ಅವಳ ಕೈ ನಿಲ್ಲಲಿಲ್ಲ. ಒಂದು ಎಳೆ, ಇನ್ನೊಂದು ಎಳೆ, ಹಾಲು ಬಕೆಟ್ಟಿಗೆ ಬೀಳುವ ಸದ್ದು ಅದೇ ಲೆಕ್ಕದಲ್ಲಿ ಬರುತ್ತಿತ್ತು.

"ಗೊತ್ತು ಅಕ್ಕ."

"ಗೊತ್ತಾ?"

"ನಾನೇ ನೋಡ್ದೆ. ಅಮಾಸೆಗೆ ನಿಮ್ಮನೇಲಿ ಎಡೆ ಇಟ್ಟಿದ್ವಲ್ಲ, ಅವತ್ತು. ಊಟ ಆದ್ಮೇಲೆ ನಿಮ್ ಫೋನ್ ಈಸ್ಕೊಂಡಿದ್ನಲ್ಲ, ಕೆಂದ ಅಸ ಕರ ಆಕ್ತಾ ಅಂತ ಪಕ್ಕದ್ಮನೆಯೋರ್ನ ಕೇಳಾಕೆ. ಮಾತಾಡಿ ಮಡಗೋವಾಗ ಟಿಣ್ ಅಂತು. ನನ್ನ ಎಸ್ರು ಕಾಣಿಸ್ತು. ಇಂಗ್ಲೀಷಲ್ಲಿತ್ತು, ನಿಧಾನಕ್ಕೆ ಓದ್ಕೊಂಡೆ. ಆಮೇಲೆ ನೀವು ಬೆಳಿಗ್ಗೆ ಬೆಳಿಗ್ಗೆ ತಳ್ತೀರಲ್ಲ, ಅಂಗೇ ತಳ್ಬಿಟ್ಟೆ."

ನನಗೆ ಒಮ್ಮೆಲೇ ಮೈಯೆಲ್ಲ ಹಗುರವಾಯಿತು. ಆದರೆ ಆ ಹಗುರ ಸರಿಯಾಗಿ ಕೂರುವ ಮೊದಲೇ ಇನ್ನೊಂದು ಗೊಂದಲ ಎದ್ದಿತು. ಒಂದು ವರ್ಷ ಊರೆಲ್ಲ "ಕಾಗದ ಬರಲೇ ಇಲ್ಲ" ಎಂದು ಹೇಳಿಕೊಂಡು ತಿರುಗಿದವಳು ಇವಳೇ.

"ಯಾಕೆ ಹಾಗೆ ಮಾಡಿದೆ?"

"ಕರ್ದಿದ್ರು, ನಾನೋಗ್ಲಿಲ್ಲ ಅಂದ್ರೆ ಎಲ್ರೂ ಯಾಕೆ ಅಂತಾರೆ. ಕರೀಲೇ ಇಲ್ಲ ಅಂದ್ರೆ ಯಾರೂ ಏನೂ ಕೇಳಲ್ಲ."

"ಅಲ್ಲ ಕಣೇ, ಹೋಗೋದು ಬೇಡ ಅಂತ ಯಾಕನ್ನಿಸಿತು? ಅಷ್ಟು ಆಸೆ ಇತ್ತಲ್ಲ ನಿನಗೆ."

ಅವಳು ತಲೆಯನ್ನು ಹಸುವಿನ ಪಕ್ಕೆಯಿಂದ ತೆಗೆದು ನನ್ನನ್ನು ನೋಡಿದಳು. "ನಿಮಗೆ ನಿಜವಾಗ್ಲೂ ನೆನಪಿಲ್ವಾ?"

"ಏನು?"

"ಅವತ್ತು ಊಟಕ್ಕೆ ಕೂತಾಗ ಅತ್ತೆ ಏನಂದ್ರು? 'ಇವ್ಳು ಕೆಲ್ಸ ಗಿಲ್ಸ ಅಂತ ಒಂಟೋದ್ರೆ ನಾನ್ ಯಾರ್ ಮನೆ ಬಾಗ್ಲು ಕಾಯ್ಲಿ?' ಅಂದ್ರು. ಎಲ್ರೂ ನಕ್ರು. ನೀವು ಅನ್ನ ಬಡಿಸ್ತಾ ಇದ್ರಿ."

"ನಾನು ಏನಂದೆ?"

"ನೀವು ನಗ್ಲಿಲ್ಲ. ಏನೂ ಅನ್ಲೂ ಇಲ್ಲ. ಸಾರು ತತ್ತೀನಿ ಅಂತ ಒಳಗೋದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ಹಸು ಎಷ್ಟು ಹೊತ್ತಿಗೆ ನೀರು ಕುಡಿಯಿತು ಎಂದು ಹೇಳುವ ಹಾಗೆ ಹೇಳಿದಳು. ಆ ಊಟ ನನಗೆ ನೆನಪಿದೆ. ವಡೆಗೆ ಉಪ್ಪು ಹೆಚ್ಚಾಗಿತ್ತು. ಒಂದು ಎಲೆ ತುದಿಯಲ್ಲಿ ಸೀಳಿ ಪಾಯಸ ನೆಲಕ್ಕೆ ಹರಿದು ನಾನು ಬಟ್ಟೆ ತಂದೆ. ಮಾವನವರ ಫೋಟೋದ ಮುಂದೆ ಇಟ್ಟ ಹೊಸ ಪಂಚೆಯ ಮಡಿಕೆಯಲ್ಲಿ ಅಂಗಡಿಯ ಚೀಟಿ ಹಾಗೇ ಇತ್ತು. ಇಷ್ಟೆಲ್ಲ ನೆನಪಿದೆ. ಅತ್ತೆಯ ಆ ಮಾತು ಮಾತ್ರ ಇಲ್ಲ. ಕೇಳಿಸಲಿಲ್ಲವಾ, ಕೇಳಿಸಿ ಒಳಗೆ ಹೋದೆನಾ? ತಳ್ಳಿದ ತಪ್ಪೊಂದನ್ನು ಹೊತ್ತು ತಂದಿದ್ದೆ. ಅದು ನನ್ನದಲ್ಲ ಎಂದು ಅವಳು ಇಳಿಸಿಕೊಂಡಳು. ಬದಲಿಗೆ ಕೊಟ್ಟದ್ದನ್ನು ಹೇಗೆ ಹಿಡಿದುಕೊಳ್ಳಬೇಕೆಂದು ತಿಳಿಯದೆ ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಇಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಒಂದು ಲೆಕ್ಕ ತಾಳೆಯಾಗಿರಲಿಲ್ಲ. ಅವಳು ಒಂದು ಕಾಗದದ ಬಗ್ಗೆ ಮಾತ್ರ ಹೇಳುತ್ತಿದ್ದಳು.

"ನೀನು ನೋಡಿದ್ದು ಯಾವುದು?" ಅಂದೆ.

"ಯಾವ್ದು ಅಂದ್ರೆ? ಒಂದೇ ಅಲ್ವಾ?"

"ಎರಡು ಬಂದಿತ್ತು ಕಣೇ."

ಈಗ ಕೈ ನಿಂತಿತು. ಹಸು ತಿರುಗಿ ನೋಡಿತು.

ಫೋನು ತೆಗೆದು ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಮುಟ್ಟದೆ, ಬಗ್ಗಿ ಓದಿದಳು. ತುಟಿ ಅಲ್ಲಾಡುತ್ತಿತ್ತು. ಅಮಾವಾಸ್ಯೆಯ ದಿನ ಅವಳು ಓದಿದ್ದು ಎರಡನೆಯದು. ಮೊದಲನೆಯದು ಅದಕ್ಕೂ ಹತ್ತು ದಿನ ಮೊದಲು ಬಂದದ್ದು, ಆಗ ಅವಳು ನಮ್ಮ ಮನೆಯಲ್ಲಿ ಇರಲೇ ಇಲ್ಲ.

"ಈ ಮೊದಲನೇದನ್ನೂ ಯಾರೋ ತೆರೆದಿದ್ದಾರೆ. ನಾನೇ ಇರಬೇಕು. ನೆನಪಿಲ್ಲ, ಆದರೆ ನಾನೇ ಇರಬೇಕು" ಅಂದೆ. ಈ ಮಾತು ಹೇಳಲಿಕ್ಕೇ ನಾನು ಬಸ್ಸು ಹತ್ತಿ ಬಂದದ್ದು. ಅವಳಿಗೆ ಅದು ಕೇಳಿಸಲೇ ಇಲ್ಲವೆನ್ನಿಸಿತು.

"ಅಂಗಾದ್ರೆ ಎರಡು ಸಲ ಕರ್ದವ್ರಾ ಅಕ್ಕ ನನ್ನ?"

"ಹೌದು."

"ಓಗ್ದೇ ಇದ್ರೂನೂ, ಇನ್ನೊಂದ್ ಸಲ ಬಾ ಅಂದವ್ರಾ?"

"ನಿನಗೋಸ್ಕರ ಬೇರೆ ದಿನ ಇಟ್ಟಿದ್ದೇವೆ ಅಂತ ಬರೆದಿದ್ದಾರೆ."

"ನಾನು ಅರ್ಜಿ ಆಕಿದೋರಿಗೆಲ್ಲಾ ಕಳಿಸ್ತಾರೇನೋ ಅಂದ್ಕೊಂಡಿದ್ದೆ. ಮದ್ವೆ ಕಾರ್ಡ್ ಅಂಚೋ ತರ" ಅಂದಳು. ಮತ್ತೆ ಓದಿದಳು. ಅವಳ ಮುಖದಲ್ಲಿ ಏನೋ ಆಗುತ್ತಿತ್ತು. ಅಳು ಬರುತ್ತದೆಂದು ನಾನು ಒಂದು ಹೆಜ್ಜೆ ಮುಂದೆ ಹೋದೆ. ಅಳಲಿಲ್ಲ. "ಎರಡು ಸಲ!" ಎಂದು ಜೋರಾಗಿ ಅಂದಳು, ಹಸುವಿಗೆ ಹೇಳಿದ ಹಾಗೆ.

ಆ ಜೋರು ಜಗಲಿಗೂ ಕೇಳಿಸಿತು. ಅತ್ತೆ ಗೋಡೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದರು. "ಏನದು ಎರಡು ಸಲ? ಯಾರ್ ಕರ್ದ್ರು?"

"ನನ್ನನ್ನ, ಅತ್ತೆ. ಆ ಇಸ್ಕೂಲ್ ಕೆಲ್ಸಕ್ಕೆ. ಓದ್ವರ್ಸ. ಎರಡು ಸಲ ಕರ್ದಿದ್ರಂತೆ."

"ಮತ್ತೆ ಯಾಕೋಗ್ಲಿಲ್ಲ?"

ಅವಳು ಯಾವ ಪ್ರಶ್ನೆಗೆ ಹೆದರಿ ಒಂದು ವರ್ಷ ಸುಳ್ಳು ಹೇಳಿದ್ದಳೋ ಅದೇ ಪ್ರಶ್ನೆ. ಅವಳು ಅತ್ತೆಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಕೆಟ್ಟಿನ ನೊರೆ ನೋಡುತ್ತಿದ್ದಳು.

"ನನ್ನಿಂದ ತಪ್ಪಾಯಿತು ಅತ್ತೆ" ಅಂದೆ. "ಕಾಗದ ನನ್ನ ಫೋನಿಗೆ ಬಂದಿತ್ತು. ಗೊತ್ತಾಗದೆ ನಾನೇ ತಳ್ಳಿಬಿಟ್ಟೆ. ಇವಳಿಗೆ ಹೇಳಲೇ ಇಲ್ಲ."

ಈ ಮಾತು ನಿಜವೋ ಸುಳ್ಳೋ ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಮೊದಲ ಕಾಗದಕ್ಕೆ ನಿಜವಿರಬಹುದು, ಎರಡನೆಯದಕ್ಕೆ ಸುಳ್ಳು. ಅರ್ಧರ್ಧ ಸೇರಿಸಿ ಒಂದು ಪೂರ್ತಿ ಮಾತನ್ನು ಆಡಿದ್ದೆ.

ಅತ್ತೆಗೆ ನಗು ಬಂತು. "ಅಯ್ಯ ನಿನ್ನ! ಇಷ್ಟೋದ್ಸಿ ಏನ್ ಬಂತು ನಿಮ್ಮಪ್ಪಂಗೆ? ಒಂದ್ ಕಾಗದ ಮಡೀಕಳಾಕೆ ಬರಾಕಿಲ್ವಾ ಕಾನ್ವೆಂಟಮ್ಮಂಗೆ?" ಆಮೇಲೆ ನಗು ಸ್ವಲ್ಪ ಕಡಿಮೆಯಾಗಿ, "ಓಗ್ಲಿ ಬಿಡು. ಇವ್ಳು ಓಗಿದ್ರೆ ನನ್ ಗತಿ ಏನಾಗ್ತಿತ್ತು?" ಅಂದರು.

ವಾರಗಿತ್ತಿ ತಲೆಯೆತ್ತಿ ನನ್ನ ಕಡೆ ನೋಡಿದಳು. ಕೊಟ್ಟಿಗೆಯಿಂದ ಒಳಗೆ ಹೋಗಿ ತರಲು ನನಗೆ ಸಾರಿರಲಿಲ್ಲ.

"ನಮ್ಮ ಮನೆಗೆ ಬರ್ತಿದ್ರಿ ಅತ್ತೆ" ಅಂದೆ.

"ಬಂಗಾರಪೇಟೆಗಾ? ಆ ರೈಲಿನ ಸದ್ದಲ್ಲಿ ನಂಗೆ ನಿದ್ದೆ ಬತ್ತದಾ?"

"ಅಭ್ಯಾಸ ಆಗುತ್ತೆ. ನನಗೆ ಆಗಲಿಲ್ವಾ?"

"ಈ ಅಸ ಎಲ್ಲಾ?"

"ಅಸಾನೂ ರೈಲತ್ತಿಸ್ಕೊಂಡೋಗಿ ಅತ್ತೆ, ಕಿಟಕಿ ಪಕ್ಕ ಕೂರ್ಸಿ" ಅಂದಳು ವಾರಗಿತ್ತಿ. ಅತ್ತೆ "ನಿನ್ ಬಾಯಿಗಷ್ಟು" ಎಂದು ಬೈಯುತ್ತ, ಗೋಡೆ ಹಿಡಿದುಕೊಂಡು ಅವರೆಕಾಯಿಯ ಹತ್ತಿರ ಹೋದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಹಾಲು ಕರೆದು ಮುಗಿಸಿ, ಬಕೆಟ್ಟಿನ ಮೇಲೆ ತಟ್ಟೆ ಮುಚ್ಚಿ, ಅವಳು ನನ್ನ ಪಕ್ಕ ಬಂದು ನಿಂತಳು. "ಬರೀರಿ ಅಕ್ಕ" ಅಂದಳು.

"ಏನಂತ?"

"ಆ ಕೆಲ್ಸ ಇನ್ನೂ ಐತಾ ಅಂತ."

ಒಂದು ವರ್ಷವಾಗಿದೆ, ಬೇರೆಯವರನ್ನು ತೆಗೆದುಕೊಂಡಿರುತ್ತಾರೆ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಎರಡನೆಯ ಕಾಗದವನ್ನು ತೆರೆದು, ಉತ್ತರ ಎಂಬುದನ್ನು ಒತ್ತಿ, ಸಿಸ್ಟರ್ ಕಲಿಸಿದ ಕ್ರಮದಲ್ಲೇ ಶುರು ಮಾಡಿದೆ. ಮೊದಲು ಗೌರವ, ಆಮೇಲೆ ವಿಷಯ, ಆಮೇಲೆ ಕ್ಷಮೆ ಮತ್ತು ಕಾರಣ. ಕಾರಣದ ಹತ್ತಿರ ಬಂದು ಬೆರಳು ನಿಂತಿತು. ಎರಡು ಸಲ ಕರೆದರೂ ಬಾರದಿದ್ದದ್ದಕ್ಕೆ ಏನು ಕಾರಣ ಬರೆಯಲಿ? ನನ್ನ ಬೆರಳೆಂದೇ, ಅವಳ ಬೆರಳೆಂದೇ? ಅತ್ತೆಯ ಮಾತೆಂದೇ, ನಾನು ತರಲು ಹೋದ ಸಾರೆಂದೇ? ಅನಾರೋಗ್ಯದ ನಿಮಿತ್ತ ಎಂದು ಬರೆದು ಅಳಿಸಿದೆ. ತಾಂತ್ರಿಕ ಕಾರಣದಿಂದ ಎಂದು ಬರೆದೆ, ಅದನ್ನೂ ಅಳಿಸಿದೆ.

"ಏನಾಯ್ತು?" ಅಂದಳು.

"ಯಾಕೆ ಬರಲಿಲ್ಲ ಅಂತ ಬರೀಬೇಕಲ್ಲ. ಏನು ಬರೀಲಿ?"

"ಅದ್ಯಾಕೆ ಅವ್ರಿಗೆ? ಅದನ್ ಬಿಟ್ಬಿಡಿ. ಈಗ ಕರ್ದ್ರೆ ಬತ್ತೀನಿ ಅಂತ ಮಾತ್ರ ಬರೀರಿ."

ಕಾರಣವಿಲ್ಲದ ಕ್ಷಮೆಯ ಕಾಗದವನ್ನು ನಾನು ಜೀವನದಲ್ಲಿ ಬರೆದಿರಲಿಲ್ಲ. ಕ್ಷಮೆಯ ಸಾಲನ್ನೂ ತೆಗೆದೆ. ಉಳಿದದ್ದು ಎರಡೇ ವಾಕ್ಯ. ಅವಳಿಗೆ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿ ಹೇಳಿದೆ. ಕೊಟ್ಟಿಗೆಯಲ್ಲಿ ಸಿಗ್ನಲ್ಲು ಒಂದೇ ಗೀಟು. ಹೊರಗೆ ನೀರಿನ ತೊಟ್ಟಿಯ ಹತ್ತಿರ ಬಂದೆವು. ಕಳಿಸುವ ಬಾಣದ ಗುರುತನ್ನು ತೋರಿಸಿದಾಗ "ನಾನೇ ಒತ್ಲಾ?" ಎಂದು ಕೇಳಿ, ಬೆರಳನ್ನು ಮತ್ತೊಮ್ಮೆ ಸೆರಗಿಗೆ ಒರೆಸಿ, ಮೆಲ್ಲಗೆ ಒತ್ತಿದಳು. ಪರದೆಯ ಮೇಲೆ ಏನೋ ಒಂದು ಸುತ್ತು ತಿರುಗಿ ಮಾಯವಾಯಿತು.

"ಓಯ್ತಾ ಅಕ್ಕ?"

"ಹೋಯಿತು" ಅಂದೆ. ಹೋಗಿದೆ ಎಂದೇ ಅಂದುಕೊಂಡಿದ್ದೇನೆ.